ಮೊಸಳೆಬಾಯಿಯ ನೀರು

ಬಿಕಾನೇರದ ಹಳೆಪೇಟೆಯಲ್ಲಿ ಆಸಕರಣ ವ್ಯಾಸನನ್ನು "ಊಟ ಆತೇನು?" ಎಂದು ಕೇಳಿ ಪೇಚಿಗೆ ಸಿಕ್ಕವರು ಬಹಳ. "ಯಾವ ಹೊತ್ತಿಂದು? ಹೊಟ್ಟಿ ತುಂಬಿದ್ದು ಕೇಳ್ತಿಯೋ, ತಾಟಿನ ಮುಂದ ಕೂತದ್ದು ಕೇಳ್ತಿಯೋ?" ಎಂದು ಅವನು ಶಾಂತವಾಗಿ ತಿರುಗಿ ಕೇಳುತ್ತಿದ್ದ. ಕೇಳಿದವನಿಗೆ ತನ್ನ ಹಸಿವೇ ಮರೆತುಹೋಗುತ್ತಿತ್ತು. ಹೆಂಡತಿ ಕೇಸರ ಮಾತ್ರ ಇದಕ್ಕೆ ಮದ್ದು ಕಂಡುಕೊಂಡಿದ್ದಳು. ಅವಳು ಏನನ್ನೂ ಕೇಳುತ್ತಿರಲಿಲ್ಲ. ತಾಟು ತಂದು ಅವನ ಮುಂದೆ ಕುಕ್ಕುತ್ತಿದ್ದಳು.

ಅದು ಅವನ ಕಸುಬಿನಿಂದ ಅಂಟಿದ ಚಟ. ಕೋರ್ಟಿನ ಎದುರಿನ ಬೇವಿನ ಮರದ ಕೆಳಗೆ ಗಿಡ್ಡ ಮೇಜು, ಮಸಿಕುಡಿಕೆ ಇಟ್ಟುಕೊಂಡು ಅವನು ಅರ್ಜಿ ಬರೆಯುತ್ತಿದ್ದ. ಒಂಟೆ ಕಳೆದುಕೊಂಡವರು, ಬಾವಿಯ ಪಾಲು ಕಳೆದುಕೊಂಡವರು, ಮಾನ ಕಳೆದುಕೊಂಡವರು, ಎಲ್ಲರೂ ಬಂದು ಅವನ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು. ಅವರು ಅಳುತ್ತ ಹೇಳಿದ್ದನ್ನು ಇವನು ಅಳು ತೆಗೆದು ಬರೆಯುತ್ತಿದ್ದ. ವ್ಯಾಸನ ಅರ್ಜಿಯಲ್ಲಿ ಸೂಜಿ ತೂರುವಷ್ಟು ಸಂದಿಲ್ಲ ಎಂದು ವಕೀಲರೇ ಹೇಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗ ಅವನು ತಲೆ ತಗ್ಗಿಸಿ ಲೇಖನಿ ಒರೆಸುತ್ತಿದ್ದ, ಒಳಗೊಳಗೇ ಉಬ್ಬುತ್ತಿದ್ದ.

ಸಂಜೆಯಾದರೆ ಅವನ ಜಾಗ ಚೌಕದ ಪಾಟಾ. ಹತ್ತು ಹನ್ನೆರಡು ಜನ ಕಾಲು ಮಡಚಿ ಕೂರಬಹುದಾದ ಮರದ ದೊಡ್ಡ ಮಂಚ ಅದು. ನಮ್ಮ ಊರಿನ ಪ್ರತಿ ಚೌಕಕ್ಕೂ ಒಂದಿದೆ. ಮದುವೆ ಗೊತ್ತಾಗುವುದು, ಮುರಿಯುವುದು, ದಿಲ್ಲಿಯಲ್ಲಿ ಸರ್ಕಾರ ಬೀಳುವುದು ಎಲ್ಲ ಮೊದಲು ಪಾಟಾದ ಮೇಲೆ, ಆಮೇಲೆ ಬೇರೆ ಕಡೆ. ಯಾರು ಎಲ್ಲಿ ಕೂರಬೇಕೆಂದು ಯಾರೂ ಬರೆದಿಟ್ಟಿಲ್ಲ, ಯಾರೂ ತಪ್ಪುವುದೂ ಇಲ್ಲ. ಬಡಗಣ ಮೂಲೆ ಆಸಕರಣನದು. ಅವನ ಎಡಕ್ಕೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ, ಬುಲಾಕಿದಾಸ ಕೂರುತ್ತಿದ್ದ.

ಇಬ್ಬರೂ ಒಂದೇ ಮಾಸ್ತರರ ಕೈಯಲ್ಲಿ ಪೆಟ್ಟು ತಿಂದವರು, ಒಂದೇ ಮಾಳಿಗೆಯ ಮೇಲೆ ಗಾಳಿಪಟ ಹಾರಿಸಿದವರು. ಮನೆಗಳೂ ಚೌಕದ ಆಚೆಗೊಂದು, ಈಚೆಗೊಂದು. ಬುಲಾಕಿದಾಸನದು ಹಪ್ಪಳದ ವ್ಯಾಪಾರ. ಓಣಿಯ ಇಪ್ಪತ್ತು ಮನೆಯ ಹೆಂಗಸರು ಲಟ್ಟಿಸಿದ ಹಪ್ಪಳ ಅವನ ಮಾಳಿಗೆಯ ಮೇಲೆ ಒಣಗಬೇಕು. ಒಂದು ಮೋಡ ಕೈಕೊಟ್ಟರೆ ವಾರದ ದುಡಿಮೆ ಮಣ್ಣುಪಾಲು. ಹಾಗಾಗಿ ಆಕಾಶ ಓದುವುದು ಅವನಿಗೆ ಅನ್ನದ ವಿದ್ಯೆ. ಮಡಕೆಯ ನೀರು ಬೆಚ್ಚಗಾಯಿತೇ, ಗುಬ್ಬಿ ಧೂಳಿನಲ್ಲಿ ಹೊರಳಿತೇ, ಇರುವೆ ಮೊಟ್ಟೆ ಹೊತ್ತು ಹೊರಟಿತೇ, ಗಾಳಿ ಯಾವ ಮೂಲೆಗೆ ತಿರುಗಿತು, ಎಲ್ಲ ನೋಡಿ ಅವನು ಹೇಳಿದ್ದು ತಪ್ಪುತ್ತಿರಲಿಲ್ಲ. ರೇಡಿಯೋದವರು ಹೇಳಿದ್ದನ್ನು ಕೇಳಿಯೂ ಜನ ಅವನ ಮುಖ ನೋಡುತ್ತಿದ್ದರು.

ಮರಳುಗಾಡಿನ ಊರಿನಲ್ಲಿ ಮಳೆಗಾಲ ಎಂದರೆ ಮಳೆಯಲ್ಲ, ಮಳೆಯ ಮಾತು. ವರ್ಷಕ್ಕೆ ಹತ್ತು ಹನ್ನೆರಡು ಸಲ ಬಂದರೆ ಹೆಚ್ಚು. ಉಳಿದ ದಿನ ಏನು ಮಾಡುವುದು? ಪಣ ಕಟ್ಟುವುದು. ಇವತ್ತು ಮಳೆ ಬರುತ್ತದೆ ಎನ್ನುವವರು 'ಹಚ್ಚುತ್ತಿದ್ದರು', ಬರುವುದಿಲ್ಲ ಎನ್ನುವವರು 'ತಿನ್ನುತ್ತಿದ್ದರು'. ಮೋಡ ಕಪ್ಪಾದಂತೆ ಮಳೆಯ ಭಾವ ಏರುತ್ತಿತ್ತು, ಗಾಳಿ ತಿರುಗಿದರೆ ಇಳಿಯುತ್ತಿತ್ತು. ಕಚೋರಿಯವನು ಎಣ್ಣೆಯ ಬಾಣಲೆ ಇಳಿಸಿ ಓಡಿ ಬರುತ್ತಿದ್ದ. ಹೆಂಗಸರು ಮಾಳಿಗೆಯ ಗೋಡೆಗೆ ಆತು ನಿಂತು, ಮುಸುಕಿನ ಒಳಗಿಂದಲೇ ತಮ್ಮ ಗಂಡಂದಿರಿಗೆ ಬೆರಳು ತೋರಿಸಿ ಎಷ್ಟು ಎಂದು ಹೇಳುತ್ತಿದ್ದರು. ಹಿಡಿಯಲು ಬಂದ ಪೊಲೀಸಿನವನು ಒಂದು ಲೋಟ ಚಹಾ ಕುಡಿದು, ಮೇಲೆ ನೋಡಿ, ತನ್ನದೂ ಒಂದಿಷ್ಟು ಹಚ್ಚಿ ಹೋದದ್ದುಂಟು. ಆ ಸಂಜೆಗಳನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ.

ಆದರೆ ಜಗಳ ತಪ್ಪುತ್ತಿರಲಿಲ್ಲ. ಮಳೆ ಬಂತು ಎಂದರೆ ಏನು ಬಂತು? ನಾಲ್ಕು ಹನಿ ಉದುರಿದರೆ ಬಂದಂತೆಯೇ? ಗುಡಿಯ ಕಡೆ ಬಿದ್ದು ಚೌಕದಲ್ಲಿ ಬೀಳದಿದ್ದರೆ? ಒಂದು ವರ್ಷ ಹೊಡೆದಾಟವೇ ಆಗಿ ಒಬ್ಬನ ಹಲ್ಲು ಹೋದ ಮೇಲೆ, ಹಿರಿಯರು ಆಸಕರಣನನ್ನು ಕರೆದು, ಸಂದಿಲ್ಲದ ಹಾಗೆ ಒಂದು ಮಾತು ಬರೆದುಕೊಡು ಎಂದರು. ಆಗ ಅವನಿಗೆ ಮೂವತ್ತೂ ಆಗಿರಲಿಲ್ಲ.

ಚೌಕದ ಮೂಡಣ ಬದಿಗೆ ಏಳುಕಿಟಕಿ ಹವೇಲಿ. ಯಜಮಾನರು ಕಲಕತ್ತೆಯಲ್ಲಿ, ಇಲ್ಲಿ ಬರೀ ಬೀಗ ಮತ್ತು ಪಾರಿವಾಳ. ಅದರ ಮಾಳಿಗೆಯ ನೀರು ಹೊರಗೆ ಬೀಳಲು ಕೆಂಪು ಕಲ್ಲಿನ ಒಂದು ಕೊಳವೆ ಇತ್ತು, ಬಾಯಿ ತೆರೆದ ಮೊಸಳೆಯ ಆಕಾರದ್ದು. ಕೆಳಗೆ ಒಂದು ಕಲ್ಲು ಚಪ್ಪಡಿ. ಆಸಕರಣ ಮೂರು ದಿನ ಯೋಚಿಸಿ, ಪಾಟಾದ ಹಿಂದಿನ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಬರೆದ: 'ಸಂಜೆ ಆರತಿಯ ಗಂಟೆಗೆ ಮುಂಚೆ ಮೊಸಳೆಬಾಯಿಯ ನೀರು ಬಿದ್ದು ಚಪ್ಪಡಿ ಒದ್ದೆಯಾದರೆ ಆಯಿತು. ಇಲ್ಲದಿದ್ದರೆ ಇಲ್ಲ.' ಅದರಲ್ಲಿ ಪಣ ಎಂಬ ಮಾತಿಲ್ಲ, ಮಳೆ ಎಂಬ ಮಾತೂ ಇಲ್ಲ. ಪೊಲೀಸರು ಓದಿದರೆ ಏನೂ ಸಿಗಬಾರದು, ಜಗಳಗಂಟರು ಓದಿದರೂ ಏನೂ ಸಿಗಬಾರದು. ಮರುವರ್ಷ ಯಾರೋ ಮಹಾತ್ಮ ಹವೇಲಿಯ ಮಾಳಿಗೆ ಹತ್ತಿ ಎರಡು ಕೊಡ ನೀರು ಸುರಿದದ್ದರಿಂದ, ಅದರ ಕೆಳಗೆ 'ಮನುಷ್ಯ, ಪಶು, ಪಕ್ಷಿ ಚೆಲ್ಲಿದ ನೀರು ಲೆಕ್ಕಕ್ಕಿಲ್ಲ' ಎಂದು ಇನ್ನೊಂದು ಸಾಲು ಸೇರಿತು. ಮಾತು ಬರೆದವನು ಪಣ ಕಟ್ಟಬಾರದು, ಅನುಮಾನ ಬಂದಾಗ ತೀರ್ಪು ಅವನೇ ಕೊಡಬೇಕು ಎಂದೂ ಆಯಿತು. ಹನ್ನೊಂದು ವರ್ಷ ಒಂದೂ ಜಗಳವಿಲ್ಲ. ಆಸಕರಣ ಆ ಮೊಸಳೆಯನ್ನು ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಎಂಬಂತೆ ನೋಡುತ್ತಿದ್ದ.

ಹನ್ನೆರಡನೆಯ ವರ್ಷದ ಜ್ಯೇಷ್ಠದ ಕೊನೆ. ಮಧ್ಯಾಹ್ನ ಮೂರು ಗಂಟೆಗೆ ಪಡುವಣದಲ್ಲಿ ಮೋಡ ಎದ್ದಿತು. ಗಳಿಗೆ ಕಳೆಯುವುದರೊಳಗೆ ಚೌಕ ಜನರಿಂದ ತುಂಬಿತು. ಬಟ್ಟೆ ವ್ಯಾಪಾರಿ ಜೇಠಮಲನಂಥ ಭಾರಿ ಕುಳಗಳೂ ಬೇರೆ ಚೌಕಗಳಿಂದ ಬಂದರು. ಎಲ್ಲರೂ ಹಚ್ಚುವವರೇ. ತಿನ್ನುವವನು ಬುಲಾಕಿದಾಸ ಒಬ್ಬನೇ.

"ಹಚ್ರಿ, ಎಷ್ಟ ಹಚ್ತೀರಿ ಹಚ್ರಿ. ಎಲ್ಲಾ ತಿಂತೀನಿ" ಎಂದು ಅವನು ಪಾಟಾದ ಮೇಲೆ ಎದ್ದು ನಿಂತು ಕೂಗುತ್ತಿದ್ದ.

ಆಸಕರಣ ಅವನ ಧೋತ್ರದ ಚುಂಗು ಜಗ್ಗಿದ. "ಬುಲಾಕೀ, ಹೊಟ್ಟಿ ನೋಡ್ಕೊಂಡು ತಿನ್ನು."

ಬುಲಾಕಿದಾಸ ಬಗ್ಗಿ ಅವನ ಕಿವಿಯಲ್ಲಿ ಹೇಳಿದ: "ಆಸೂ, ಆ ಮೋಡದ ಬಣ್ಣ ನೋಡು. ಹೊಟ್ಟ್ಯಾಗ ಹಸರ ಅದ. ಬಿದ್ರ ಕಲ್ಲು ಬೀಳ್ತಾವ. ಹನಿ ಬೀಳೂದಿಲ್ಲ. ನಾ ಮಧ್ಯಾಹ್ನಕ್ಕ ಹಪ್ಪಳ ಎಲ್ಲಾ ಒಳಗ ಹಾಕೀನಿ."

ಅವನು ಹೇಳಿದ ಹಾಗೆಯೇ ಆಯಿತು. ಹೊತ್ತು ಇಳಿಯುವಾಗ ಹತ್ತು ನಿಮಿಷ ಆಲಿಕಲ್ಲು ಬಿತ್ತು, ಕಡಲೆಯಿಂದ ಹಿಡಿದು ನೆಲ್ಲಿಕಾಯಿ ಗಾತ್ರದವರೆಗೆ. ಜನ ಪಾಟಾದ ಕೆಳಗೆ ನುಗ್ಗಿ ತಲೆ ಉಳಿಸಿಕೊಂಡರು. ಒಂದು ಹನಿ ನೀರು ಬೀಳಲಿಲ್ಲ. ಮೋಡ ಬಂದ ದಾರಿ ಹಿಡಿದು ಹೋಯಿತು, ಬಿಸಿಲು ಮತ್ತೆ ಹೊಡೆಯಿತು. ಮುಖ ಸಣ್ಣಗೆ ಮಾಡಿಕೊಂಡ ಜೇಠಮಲ ಪಗಡಿ ಕೊಡವುತ್ತ ಹೊರಟೇ ಬಿಟ್ಟಿದ್ದ. ಬುಲಾಕಿದಾಸ ಒಂದು ಆಲಿಕಲ್ಲನ್ನು ಬಾಯಿಗೆ ಹಾಕಿಕೊಂಡು ಕಟುಮ್ ಎಂದು ಕಡಿದು, "ತಿಂತೀನಿ ಅಂದಿದ್ದೆ, ತಿಂದೆ" ಎಂದ. ಇಡೀ ಚೌಕ ನಕ್ಕಿತು.

ಆಗ ಮೊಸಳೆಯ ಬಾಯಿಂದ ಒಂದು ಹನಿ ತೊಟ್ಟಿಕ್ಕಿತು.

ನಗು ನಿಂತಿತು. ಹವೇಲಿಯ ಮಾಳಿಗೆಯ ಮೇಲೆ ಬಿದ್ದ ಕಲ್ಲೆಲ್ಲ ಕೊಳವೆಯ ಕಡೆ ಉರುಳಿ ರಾಶಿಯಾಗಿದ್ದವು, ಬಿಸಿಲಿಗೆ ಕರಗುತ್ತಿದ್ದವು. ಎರಡನೆಯ ಹನಿ, ಮೂರನೆಯದು, ಆಮೇಲೆ ದಾರದಷ್ಟು ತೆಳ್ಳಗೆ ನೀರು. ಚಪ್ಪಡಿಯ ಮೇಲೆ ಅಂಗೈಯಗಲ ಒದ್ದೆಯಾಯಿತು, ತಾಟಿನಗಲವಾಯಿತು. ಅಷ್ಟರಲ್ಲಿ ಲಕ್ಷ್ಮೀನಾಥನ ಗುಡಿಯಲ್ಲಿ ಆರತಿಯ ಗಂಟೆ ಹೊಡೆಯಿತು.

ಜೇಠಮಲ ತಿರುಗಿ ಬಂದ. "ಗ್ವಾಡಿ ಮ್ಯಾಲಿಂದು ಓದ್ರಿ ವ್ಯಾಸಜೀ."

"ಏನ್ ಓದೂದು?" ಬುಲಾಕಿದಾಸ ಕೇಳಿದ. "ಊರೆಲ್ಲ ನೋಡೇದ. ಮಳಿ ಬಂದಿಲ್ಲ."

"ಮಳಿ ಅಂತ ಎಲ್ಲಿ ಬರದದ? ನೀರು ಅಂತ ಬರದದ. ಅದು ನೀರಲ್ಲೇನು?"

"ಆಲಿಕಲ್ಲು ಅದು."

"ಬೀಳಬೇಕಾದ್ರ ಕಲ್ಲು, ಇಳೀಬೇಕಾದ್ರ ನೀರು. ಮಾಳಗಿ ಮ್ಯಾಲ ಏನ್ ಬಿತ್ತು ಅಂತ ಯಾರ್ ಕೇಳ್ಯಾರ? ಮೊಸಳಿ ಬಾಯಾಗಿಂದ ಏನ್ ಬಂತು ಅಷ್ಟ ಹೇಳ್ರಿ."

"ಐಸ್ ಹಾಕಿದ ಶರಬತ್ತು ಕುಡದು ಬರೇ ನೀರು ಕುಡದೆ ಅಂತೀಯೇನೋ?" ಎಂದು ಕಚೋರಿಯವನು ಬುಲಾಕಿದಾಸನ ಪರವಾಗಿ ಬಾಯಿ ಹಾಕಿದ. ಅವನೂ ಹಚ್ಚಿದವನೇ, ಆದರೆ ನ್ಯಾಯ ನ್ಯಾಯವೇ. ಇನ್ನೊಬ್ಬ, ಪಶು ಪಕ್ಷಿ ಎಲ್ಲ ಬರೆದವರು ಕಲ್ಲನ್ನು ಬರೆಯಲಿಲ್ಲ ಎಂದ ಮೇಲೆ ಕಲ್ಲಿಗೆ ಪರವಾನಗಿ ಇದೆ ಎಂದ. ಹೀಗೆ ಚೌಕದ ತುಂಬ ಪಂಡಿತರಾದರು. ಕೊನೆಗೆ ಎಲ್ಲರೂ ಆಸಕರಣನ ಕಡೆ ತಿರುಗಿದರು.

ಆಸಕರಣನಿಗೆ ಸತ್ಯ ಗೊತ್ತಿತ್ತು. ಹಚ್ಚಿದವರು ಹಚ್ಚಿದ್ದು ಮಳೆಗೆ, ತಿಂದವನು ತಿಂದದ್ದು ಮಳೆಯಿಲ್ಲವೆಂದು. ಗೋಡೆಯ ಮಾತು ಮಳೆಯನ್ನು ಅಳೆಯಲು ಹುಟ್ಟಿದ್ದೇ ಹೊರತು ಕೊಳವೆಯ ಪೂಜೆಗಲ್ಲ. ಹಾಗೆಂದು ಹೇಳಿಬಿಟ್ಟರೆ ಮುಗಿಯಿತು. ಆದರೆ ಹೇಳಿದರೆ ಗೆಲ್ಲುವವನು ಯಾರು? ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವ ಗೆಳೆಯ. ವ್ಯಾಸ ತಾನು ಬರೆದದ್ದನ್ನು ಗೆಳೆಯನಿಗಾಗಿ ತಿರುಚಿದ ಎಂದು ಏಳು ಚೌಕಗಳಲ್ಲಿ ಮಾತಾಗುತ್ತದೆ. ಹನ್ನೊಂದು ವರ್ಷದ ಹೆಸರು ಒಂದು ಸಂಜೆಯಲ್ಲಿ ತೊಳೆದುಹೋಗುತ್ತದೆ. ಅವನು ಎದ್ದ. ಗೋಡೆಯ ಹತ್ತಿರ ಹೋಗಿ ಎರಡೂ ಸಾಲು ಗಟ್ಟಿಯಾಗಿ ಓದಿದ. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದ: "ಚಪ್ಪಡಿ ಒದ್ದಿ ಆಗೇದ. ಆತು."

ಬುಲಾಕಿದಾಸ ಪಾಟಾದಿಂದ ಇಳಿದು ಅವನ ಎದುರಿಗೆ ಬಂದ. "ಆಸೂ, ಗ್ವಾಡಿ ಬಿಡು. ನೀ ಹೇಳು. ಇವತ್ತ ಮಳಿ ಬಂತೇನು?"

"ಬರದದ್ದು ಅದಲ್ಲ, ಬುಲಾಕೀ."

"ಬರದದ್ದು ನಾ ಕೇಳಲಿಲ್ಲ."

ಆಸಕರಣ ಮತ್ತೆ ಗೋಡೆಯ ಕಡೆ ತಿರುಗಿದ.

ಪಣದ ಬಾಕಿ ಮರುದಿನ ಸೂರ್ಯ ಹುಟ್ಟುವ ಮೊದಲು ತೀರಬೇಕು, ಅದು ಚೌಕದ ಕಟ್ಟಳೆ. ಬುಲಾಕಿದಾಸ ಆ ರಾತ್ರಿಯೇ ತೀರಿಸಿದ. ಕೈಯಲ್ಲಿದ್ದದ್ದು ಸಾಲದೆ ಅವನ ಹೆಂಡತಿ ರುಕ್ಮಾ ತವರಿನಿಂದ ತಂದ ಬೆಳ್ಳಿ ಕಾಲ್ಗೆಜ್ಜೆ ಬಿಚ್ಚಿಕೊಟ್ಟಳು. ದಿನವೂ ನಸುಕಿನಲ್ಲಿ ಅವಳು ಮಾಳಿಗೆಗೆ ಹಪ್ಪಳ ಹರವಲು ಹೋಗುವಾಗ ಆ ಗೆಜ್ಜೆಯ ಸದ್ದಿಗೇ ಅರ್ಧ ಚೌಕಕ್ಕೆ ಎಚ್ಚರವಾಗುತ್ತಿತ್ತು. ಗೆಜ್ಜೆಯನ್ನು ಜೇಠಮಲನ ಮನುಷ್ಯನ ಕೈಗೆ ಹಾಕಿ, ಬುಲಾಕಿದಾಸ ಪಾಟಾದ ಮುಂದೆ ಬಂದು ನಿಂತ. ತಾನು ಕೂರುವ ಜಾಗವನ್ನು ಒಮ್ಮೆ ನೋಡಿದ.

"ಆ ಮೊಸಳಿ ಆ ಹವೇಲಿ ಮ್ಯಾಲ ಇರೋತನಕ ನಾ ಈ ಪಾಟಾ ಹತ್ತೂದಿಲ್ಲ" ಎಂದ. "ಬೇಕಾದ್ರ ಇದನ್ನೂ ಗ್ವಾಡಿ ಮ್ಯಾಲ ಬರ್ಕೋ, ಆಸೂ. ಇದರಾಗ ಸಂದಿಲ್ಲ."

ಮರುದಿನ ಗೆಜ್ಜೆಯ ಸದ್ದಿಲ್ಲದೆ ಚೌಕಕ್ಕೆ ತಡವಾಗಿ ಎಚ್ಚರವಾಯಿತು. ಆಸಕರಣ ಮಾತ್ರ ಮಲಗಿರಲೇ ಇಲ್ಲ.

ಆ ವರ್ಷವೇ ಅವನು ಗೋಡೆಯ ಮೇಲೆ 'ಆಲಿಕಲ್ಲಿನ ನೀರು ಲೆಕ್ಕಕ್ಕಿಲ್ಲ' ಎಂದು ಮೂರನೆಯ ಸಾಲು ಬರೆದ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಜೇಠಮಲನ ಕೈಕಾಲು ಹಿಡಿದು, ಆರು ತಿಂಗಳ ಅರ್ಜಿಯ ದುಡಿಮೆ ಸುರಿದು, ಗೆಜ್ಜೆ ಬಿಡಿಸಿಕೊಂಡು ಬಂದ. ಕೇಸರಳ ಕೈಯಲ್ಲಿ ಎದುರು ಮನೆಗೆ ಕಳಿಸಿದ. ಕೇಸರ ಹೋದಷ್ಟೇ ಬೇಗ ತಿರುಗಿ ಬಂದಳು.

"ನಿಮ್ಮ ಗೆಳೆಯರು ತಗೊಳ್ಳಲಿಲ್ಲ. ಅವತ್ತ ಮಳಿ ಬಂದಿರಲಿಲ್ಲ ಅಂತ ಅವನ ಬಾಯಿಲೆ ಹೇಳಿ ಕಳಸು, ಆಮ್ಯಾಲ ತಗೋತೀನಿ ಅಂದ್ರು." ಕೆಂಪು ಬಟ್ಟೆಯ ಗಂಟನ್ನು ಗಂಡನ ಮುಂದೆ ಇಟ್ಟಳು. "ಹೇಳಿಬಿಡ್ರಿ. ಬಾಯಿ ಏನ್ ಸವೀತದ?"

ಆಸಕರಣ ಹೇಳಲಿಲ್ಲ. ಹೇಳಿದರೆ ಕೊಟ್ಟ ತೀರ್ಪು ಸುಳ್ಳಾಗುತ್ತದೆ, ಆಮೇಲೆ ಗೋಡೆಯ ಮಾತಿಗೆ ಬೆಲೆಯೇನು ಎಂದು ಅವನು ಹೆಂಡತಿಗೆ ವಿವರಿಸಲು ಹೊರಟ. ಅವಳು ಕೇಳದೆ ಎದ್ದುಹೋದಳು. ಗಂಟು ಪೆಟ್ಟಿಗೆಯ ತಳ ಸೇರಿತು.

ಇಪ್ಪತ್ತಾರು ವರ್ಷ ಹಾಗೆಯೇ ಹೋಯಿತು. ದ್ವೇಷವೇನೂ ಇರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು, ದ್ವೇಷಕ್ಕೆ ಮದ್ದಿದೆ. ಮದುವೆ ಮನೆಯಲ್ಲಿ ಸಿಕ್ಕರೆ ಇಬ್ಬರೂ ರಾಮ್ ರಾಮ್ ಎನ್ನುತ್ತಿದ್ದರು. ಕೇಸರ ಮಾಡಿದ ಸಾಂಗ್ರಿ ಕಾಯಿಯ ಉಪ್ಪಿನಕಾಯಿ ಹಿತ್ತಲಿನಿಂದ ಎದುರು ಮನೆಗೆ ಹೋಗುತ್ತಿತ್ತು, ಅಲ್ಲಿಂದ ಹಪ್ಪಳ ಬರುತ್ತಿತ್ತು. ಗಂಡಸರು ತಿಳಿಯದವರಂತೆ ತಿನ್ನುತ್ತಿದ್ದರು. ಪಾಟಾದ ಮೇಲೆ ಬುಲಾಕಿದಾಸನ ಜಾಗದಲ್ಲಿ ಆಸಕರಣ ಯಾರನ್ನೂ ಕೂರಲು ಬಿಡಲಿಲ್ಲ. ಹೊಸಬರು ಯಾರಾದರೂ ಕೂತರೆ, "ಮಂದಿ ಇದ್ದಾರ ಅಲ್ಲಿ" ಎನ್ನುತ್ತಿದ್ದ.

ಕೇಸರ ಹೋದಾಗ ಹೆಣಕ್ಕೆ ಮೊದಲ ಹೆಗಲು ಕೊಟ್ಟವನು ಬುಲಾಕಿದಾಸ. ಹನ್ನೆರಡು ದಿನ ಸಂತಾಪಕ್ಕೆ ಬಂದವರೆಲ್ಲ ಪಾಟಾದ ಮೇಲೆ ಕೂತರು. ಅವನು ಹನ್ನೆರಡು ದಿನವೂ ಬಂದ, ಹನ್ನೆರಡು ದಿನವೂ ಪಾಟಾಕ್ಕೆ ಕೈ ಊರಿ ಕೆಳಗೆ ನಿಂತೇ ಇದ್ದ. ಕಾಲು ನೋಯುತ್ತಿತ್ತು, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದ. ಅದನ್ನು ನೋಡುತ್ತ ಕೂತ ಆಸಕರಣನಿಗೆ ಹೆಂಡತಿ ಹೋದ ದುಃಖದ ಜೊತೆ ಇದೂ ಸೇರಿಕೊಂಡಿತು. ತಾನು ಸಾಯುವ ಮೊದಲು ಈ ಮನುಷ್ಯ ತನ್ನ ಪಕ್ಕ ಒಮ್ಮೆ ಕೂರಬೇಕು, ಅಷ್ಟೇ ಸಾಕು ಎಂದು ಆಗ ಅವನಿಗೆ ಅನ್ನಿಸಿತು. ಅದಕ್ಕಿಂತ ಹೆಚ್ಚಿನದು ಏನೂ ಅವನಿಗೆ ಆಮೇಲೆ ಬೇಕಾಗಲಿಲ್ಲ.

ಅಷ್ಟರಲ್ಲಿ ಮಳೆಯ ಪಣವೂ ಸತ್ತಿತ್ತು. ಜನ ಕ್ರಿಕೆಟ್ಟಿಗೆ ಹಚ್ಚತೊಡಗಿದರು, ಟೆಲಿಫೋನಿನಲ್ಲಿ ತಿನ್ನತೊಡಗಿದರು. ಕೆಮ್ಮಣ್ಣಿನ ಅಕ್ಷರ ಮಾಸಿದವು. ಮೋಡ ಬಂದರೆ ತಲೆಯೆತ್ತಿ ನೋಡುವವರು ಇಬ್ಬರೇ ಉಳಿದರು, ಒಬ್ಬ ಪಾಟಾದ ಮೇಲಿಂದ, ಒಬ್ಬ ಎದುರು ಮನೆಯ ಮೆಟ್ಟಿಲಿನಿಂದ. ಮೊಸಳೆಯ ಬಾಯಿಂದ ನೀರು ಬಿದ್ದರೆ ಈಗ ಅದು ಬರೀ ನೀರು.

ಒಂದು ವರ್ಷ ಹೋಳಿಯ ಹೊತ್ತಿಗೆ ಏಳುಕಿಟಕಿ ಹವೇಲಿ ಮಾರಾಟವಾಯಿತು ಎಂಬ ಸುದ್ದಿ ಬಂತು. ಕೊಂಡವರು ದಿಲ್ಲಿಯವರು, ಹೋಟೆಲ್ ಮಾಡುವವರು. ಹಳೆಯ ಕಲ್ಲು, ಬಾಗಿಲು ಕಿತ್ತು ಮಾರಿಕೊಂಡು, ಒಳಗೆ ಹೊಸದು ಕಟ್ಟುತ್ತಾರಂತೆ. ಚೌಕಕ್ಕೆ ಹೊಟ್ಟೆ ಉರಿಯಿತು. ಕಚೋರಿಯವನ ಮಗ ಜುಗಲ್, ಈಗ ಅವನೇ ಅಂಗಡಿ ನಡೆಸುವವನು, ನಾಲ್ಕು ಜನರನ್ನು ಕಟ್ಟಿಕೊಂಡು ಹೋಗಿ ಜಗಳ ಮಾಡಿ ಬಂದ. ಕೊಂಡವರು ಕೊನೆಗೆ ಒಂದು ಮಾತಿಗೆ ಒಪ್ಪಿದರು: ಏನೇನು ಉಳಿಯಬೇಕೆಂದು ಚೌಕದವರು ಬರೆದು ಕೊಡಲಿ, ಬರೆದದ್ದನ್ನು ಮುಟ್ಟುವುದಿಲ್ಲ, ಬರೆಯದ್ದು ತಮ್ಮದು.

ಜುಗಲ್ ನೇರ ಪಾಟಾದ ಹತ್ತಿರ ಬಂದ. "ಕಾಕೋಸಾ, ನೀವ ಬರೀಬೇಕು. ಸೂಜಿ ತೂರಬಾರದು."

ಆಸಕರಣನಿಗೆ ಆಗ ಎಪ್ಪತ್ತು ಸಮೀಪಿಸಿತ್ತು. ಆದರೂ ಮಸಿಕುಡಿಕೆ ತೊಳೆದುಕೊಂಡು ಎರಡು ದಿನ ಹವೇಲಿಯ ಸುತ್ತ ತಿರುಗಿದ. ಏಳು ಕಿಟಕಿ, ಒಂದೊಂದರ ಕೆತ್ತನೆ ಬೇರೆ ಬೇರೆ ಬರೆದ. ಹೆಬ್ಬಾಗಿಲು, ಅದರ ಹಿತ್ತಾಳೆ ಗುಬಟುಗಳು, ಒಳಗಿನ ಅಗಳಿ. ಕಿಟಕಿಗಳನ್ನು ಹೊತ್ತ 'ಕುದುರೆಮುಖದ ಹನ್ನೆರಡು ಕಲ್ಲು, ಅದರಲ್ಲಿ ಒಂದರ ಕಿವಿ ಮೊದಲೇ ಮುರಿದದ್ದು'. ಪಾರಿವಾಳದ ಗೂಡುಗಳನ್ನೂ ಬಿಡಲಿಲ್ಲ. ಹೀಗೆ ಹದಿನೇಳು ಬಾಬು ಆಯಿತು. ಹದಿನೆಂಟು ಎಂದು ಅಂಕಿ ಹಾಕಿದ. ತಲೆಯೆತ್ತಿ ಮೊಸಳೆಯನ್ನು ನೋಡಿದ.

ಅವನು ಆ ಕಲ್ಲನ್ನು ಪ್ರೀತಿಸುತ್ತಿದ್ದ, ಇದರಲ್ಲಿ ಮುಚ್ಚಿಡುವುದೇನಿಲ್ಲ. ಜೀವಮಾನವೆಲ್ಲ ಬರೆದ ಸಾವಿರಾರು ಅರ್ಜಿ ಯಾವ ಯಾವ ಕಚೇರಿಯ ಗೆದ್ದಲಿಗೆ ಹೋಗಿದ್ದವೋ. ಅವನದೆಂದು ಊರಿನಲ್ಲಿ ಉಳಿದದ್ದು ಅದೊಂದೇ, ವ್ಯಾಸನ ಮೊಸಳೆ. ಎದುರಿಗೆ ಬುಲಾಕಿದಾಸ ಮೆಟ್ಟಿಲ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಆಸಕರಣ ಬಹಳ ಹೊತ್ತು ಇಬ್ಬರನ್ನೂ ನೋಡಿದ. ಆಮೇಲೆ ಹದಿನೆಂಟು ಎಂಬ ಅಂಕಿಯನ್ನು ಅಚ್ಚುಕಟ್ಟಾಗಿ ಹೊಡೆದುಹಾಕಿ, ಕೆಳಗೆ 'ಒಟ್ಟು ಹದಿನೇಳು ಬಾಬು ಮಾತ್ರ' ಎಂದು ಬರೆದು ರುಜು ಹಾಕಿದ.

ಜುಗಲ್ ಅದನ್ನು ಓದಿದ. ಮೊಸಳೆ ಇಲ್ಲದ್ದು ಅವನಿಗೆ ಕಾಣಲಿಲ್ಲ. ಮೊಸಳೆ ಇಲ್ಲದ ಹವೇಲಿಯನ್ನು ಯಾರೂ ಯೋಚಿಸಿರಲೇ ಇಲ್ಲ. ಇರುವುದನ್ನು ಇದೆಯೇ ಎಂದು ಯಾರು ಹುಡುಕುತ್ತಾರೆ?

ಶ್ರಾವಣ ಹುಟ್ಟುವ ವಾರ ಕೆಲಸದವರು ಏಣಿ ಹಾಕಿದರು. ಹದಿನೇಳು ಬಾಬನ್ನು ಬೆರಳಿನಿಂದಲೂ ಮುಟ್ಟಲಿಲ್ಲ. ಮೊಸಳೆಯನ್ನು ಉಳಿ ಇಟ್ಟು ಬಿಡಿಸಿ, ಗೋಣಿಚೀಲದಲ್ಲಿ ಸುತ್ತಿ ಲಾರಿಗೆ ಹಾಕಿದರು. ಆ ಜಾಗದಲ್ಲಿ ಬೂದುಬಣ್ಣದ ಪ್ಲಾಸ್ಟಿಕ್ ಪೈಪು ಜೋಡಿಸಿದರು. ಉಳಿಯ ಒಂದೊಂದು ಪೆಟ್ಟೂ ಆಸಕರಣನ ದವಡೆಗೆ ಬಡಿದಂತಾಯಿತು. ಅವನು ಪಾಟಾ ಬಿಟ್ಟು ಏಳಲಿಲ್ಲ, ಕೊನೆಯವರೆಗೂ ನೋಡಿದ.

ಜುಗಲ್ ಬಂದು ಗೋಳಾಡಿದ. "ಕಾಕೋಸಾ, ಅಗಳಿ ಬರದೀರಿ, ಪಾರಿವಾಳದ ಗೂಡು ಬರದೀರಿ. ಮೊಸಳಿ ಹೆಂಗ ಮರ್ತ್ರಿ?"

"ವಯಸ್ಸಾತಪಾ" ಎಂದ ಆಸಕರಣ.

ವ್ಯಾಸನಿಗೆ ಅರಳು ಮರಳು ಎಂಬ ಮಾತು ಎರಡು ದಿನದಲ್ಲಿ ಏಳು ಚೌಕ ಸುತ್ತಿತು. ಯಾವ ಹೆಸರಿಗಾಗಿ ಇಪ್ಪತ್ತಾರು ವರ್ಷ ಬಾಯಿ ಮುಚ್ಚಿಕೊಂಡಿದ್ದನೋ ಆ ಹೆಸರು ಹೋಯಿತು. ಅವನು ಪೆಟ್ಟಿಗೆಯ ತಳದಿಂದ ಕೆಂಪು ಗಂಟು ತೆಗೆದು, ಪ್ರತಿ ಸಂಜೆ ಮಡಿಲಲ್ಲಿ ಇಟ್ಟುಕೊಂಡು ಪಾಟಾದ ಮೇಲೆ ಕೂರತೊಡಗಿದ. ಒಂದು ದಿನವಾಯಿತು, ನಾಲ್ಕು ದಿನವಾಯಿತು. ಎದುರಿನ ಮೆಟ್ಟಿಲು ಖಾಲಿಯಿತ್ತು. ಬುಲಾಕಿದಾಸ ಹೊರಗೇ ಬರಲಿಲ್ಲ. ಆಣೆಯ ಮಾತನ್ನು ಅವನೇ ಮರೆತನೋ ಏನೋ ಎಂದು ಆಸಕರಣನಿಗೆ ಭಯವಾಯಿತು.

ಒಂಬತ್ತನೆಯ ಸಂಜೆ ಎದುರು ಮನೆಯ ಬಾಗಿಲು ತೆರೆಯಿತು. ಬುಲಾಕಿದಾಸ ಕೋಲು ಊರುತ್ತ ಚೌಕ ದಾಟಿದ. ಹವೇಲಿಯ ಮುಂದೆ ನಿಂತು, ತಲೆಯೆತ್ತಿ ಪೈಪನ್ನು ನೋಡಿದ. ಪಾಟಾದ ಹತ್ತಿರ ಬಂದು, "ಸರಿ ಆ ಕಡೆ" ಎಂದ.

ಜಾಗ ಖಾಲಿಯೇ ಇತ್ತು. ಆದರೂ ಆಸಕರಣ ಸರಿದ. ಬುಲಾಕಿದಾಸ ಕೋಲು ಒರಗಿಸಿ, ಎರಡು ಸಲ ಪ್ರಯತ್ನಿಸಿ ಹತ್ತಿ ಕೂತ. ಮೊಣಕಾಲಿಗೆ ಮೊಣಕಾಲು ತಾಗಿತು.

"ಜುಗಲ್ ಅರ್ಜಿ ತೋರಿಸಿದ. ಓದಿದೆ" ಎಂದ ಬುಲಾಕಿದಾಸ.

"ಹೂಂ."

"ಮುರದ ಕಿವಿ ಸೈತ ಬಿಟ್ಟಿಲ್ಲ. ಹದಿನೆಂಟು ಅಂತ ಹಾಕಿ ಹೊಡದೀ."

"ಹೂಂ."

"ನಿನಗ ಮರವು ಅಂತದ ಊರು."

"ಅನ್ಲಿ."

"ನನಗ ಹೇಳು. ಮರ್ತಿಯೋ, ಬಿಟ್ಟಿಯೋ?"

"ಬಿಟ್ಟೆ."

ಬುಲಾಕಿದಾಸನ ದನಿ ಸಣ್ಣದಾಗಿತ್ತು. "ಹಂಗಿದ್ರ ಇನ್ನೊಂದು ಹೇಳು. ಅವತ್ತ ಮಳಿ ಬಂದಿತ್ತೇನು?"

ಆಸಕರಣ ಯಾವತ್ತು ಎಂದು ಕೇಳಲಿಲ್ಲ, ಎಲ್ಲಿ ಎಂದೂ ಕೇಳಲಿಲ್ಲ. "ಇಲ್ಲ. ಒಂದ್ ಹನಿನೂ ಇಲ್ಲ. ಅವತ್ತ ನನಗ ಗೊತ್ತಿತ್ತು, ಬುಲಾಕೀ. ಮಂದಿ ಏನಂತಾರೋ ಅಂತ ಅಂಜಿದೆ."

"ಇಷ್ಟ ಹೇಳ್ಲಿಕ್ಕೆ ಇಪ್ಪತ್ತಾರು ವರ್ಷ ಬೇಕಾತೇನೋ?"

"ನೀ ಅರ್ಜಿ ಕೊಟ್ಟಿದ್ರ ಲಗೂ ಆಗ್ತಿತ್ತು."

ಬುಲಾಕಿದಾಸ ನಕ್ಕ. ನಗುತ್ತ ನಗುತ್ತ ಕೆಮ್ಮು ಬಂತು, ಕೆಮ್ಮಿನ ಜೊತೆ ಕಣ್ಣಿನಲ್ಲಿ ನೀರೂ ಬಂತು. ಧೋತ್ರದ ಚುಂಗಿನಿಂದ ಒರೆಸಿಕೊಂಡು ಆಕಾಶ ನೋಡಿದ. "ಗಾಳಿ ತಿರಗೇದ. ನಾಳೆ ಬರ್ತದ."

"ಬಂತು ಅನ್ನೂದು ಯಾವುದನ್ನ ನೋಡಿ ಹೇಳೂದು ಈಗ?"

"ಇಲ್ಲೇ ಕೂತಿರೋಣ. ನಮ್ಮ ಬೋಳು ತಲೀ ಮ್ಯಾಲ ಬೀಳ್ತದಲ್ಲ."

ಆಸಕರಣ ಮಡಿಲಿನ ಕೆಂಪು ಗಂಟನ್ನು ತೆಗೆದು ಇಬ್ಬರ ನಡುವೆ ಇಟ್ಟ. ಬುಲಾಕಿದಾಸ ಅದನ್ನು ಬಿಚ್ಚಲಿಲ್ಲ, ಬಟ್ಟೆಯ ಮೇಲಿಂದಲೇ ಬೆರಳಾಡಿಸಿದ. "ಅಕಿ ಕಾಲು ಬಾತಾವ. ಈಗ ಏರೂದಿಲ್ಲ" ಎಂದ. "ಆದ್ರೂ ನೀನ ಕೊಟ್ಟು ಬಾ. ನನಗ ಮತ್ತ ಇಳದು ಹತ್ಲಿಕ್ಕೆ ಆಗೂದಿಲ್ಲ."

ಎದುರು ಮನೆಯ ಮೇಲಿನ ಕಿಟಕಿಯಲ್ಲಿ ರುಕ್ಮಾ ಎಷ್ಟು ಹೊತ್ತಿನಿಂದ ನಿಂತಿದ್ದಳೋ ಏನೋ. ಆಸಕರಣ ಚೌಕ ದಾಟಿ ಕೆಳಗೆ ಬಂದು ನಿಲ್ಲುವಷ್ಟರಲ್ಲಿ, ತರಕಾರಿ ಕೊಳ್ಳಲು ಬಿಡುವ ಬುಟ್ಟಿ ಹಗ್ಗದ ತುದಿಯಲ್ಲಿ ಇಳಿದು ಬಂತು. ಅವನು ಗಂಟನ್ನು ಅದರಲ್ಲಿಟ್ಟ. "ಭಾಭೀಸಾ" ಎಂದು ಏನೋ ಹೇಳಲು ಹೋಗುವಷ್ಟರಲ್ಲಿ ಬುಟ್ಟಿ ಮೇಲೆ ಹೋಯಿತು. ಅವನು ತಿರುಗಿ ಬಂದು ತನ್ನ ಮೂಲೆಯಲ್ಲಿ ಕೂತ.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಗೆಜ್ಜೆಯ ಸದ್ದು ಕೇಳಿಸಿತು. ನಡೆಯುವ ಸದ್ದಲ್ಲ, ಯಾರೋ ಕೈಯಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಿದ್ದರು. ಒಮ್ಮೆ ನಿಂತು ಮತ್ತೆ ಬಂತು. ಬುಲಾಕಿದಾಸ ಕಣ್ಣು ಮುಚ್ಚಿ ಕೇಳುತ್ತಿದ್ದ. ಆಸಕರಣನೂ ಸುಮ್ಮನೆ ಕೇಳುತ್ತ ಕೂತ.